ಹೆಲ್ಮೆಟ್ಟಿನವರಿಗೆ ಎಡೆ

ಮೊನ್ನೆ ಮನೆಮನೆ ಸಮೀಕ್ಷೆಗೆ ಬಂದಿದ್ದ ಮೇಷ್ಟ್ರು ನಮ್ಮ ಹೆಸರುಗಳನ್ನೆಲ್ಲ ಮೊಬೈಲಿಗೆ ತುಂಬಿಕೊಂಡು, ಕಾಫಿ ಕುಡಿಯುತ್ತ ನಡುಮನೆಯ ಗೋಡೆ ನೋಡುತ್ತಿದ್ದರು. ಅಲ್ಲಿ ಸಾಲಾಗಿ ಏಳು ಫೋಟೊ ಇವೆ. ರುಮಾಲು ಸುತ್ತಿದ ತಾತ, ಅಜ್ಜಿ, ಅಪ್ಪ, ಅವ್ವ. ಇಲ್ಲಿಯವರೆಗೆ ಸರಿ. ಐದನೆಯವನು ಕೆಂಪು ಅಂಗಿಯ ಬಿಳಿಯ, ಕಂಕುಳಲ್ಲಿ ಹೆಲ್ಮೆಟ್ಟು. ಆರನೆಯವನೂ ಬಿಳಿಯನೇ, ಕಾರಿನ ಚಕ್ರದ ಮೇಲೆ ಕಾಲಿಟ್ಟು ಹಲ್ಲು ಬಿಟ್ಟು ನಗುತ್ತಿದ್ದಾನೆ. ಏಳನೆಯವನು ನಮ್ಮ ಬಣ್ಣದವನು, ಗುಂಗುರು ಕೂದಲು, ಅವನ ಕೈಯಲ್ಲೂ ಹೆಲ್ಮೆಟ್ಟು. ಏಳೂ ಗಾಜಿನ ಮೇಲೆ ಕುಂಕುಮ. ಇವರೂ ನಿಮ್ಮ ಕುಟುಂಬದವರೇನಮ್ಮ ಎಂದು ಮೇಷ್ಟ್ರು ಕೇಳಿದರು. ಹೌದು ಸಾ, ಆದರೆ ಬರಕೊಬೇಡಿ ಅಂದೆ. ಅವರು ನನ್ನ ಮುಖ ನೋಡಿ, ಈ ಮುದುಕಿಗೆ ಸ್ವಲ್ಪ ಸಡಿಲ ಎಂದುಕೊಂಡಿರಬೇಕು, ಕಾಫಿ ಮುಗಿಸಿ ಎದ್ದರು. ಎಂಥವರಿಗೂ ಒಂದು ಲೋಟ ಕಾಫಿಯಲ್ಲಿ ಹೇಳಿ ಮುಗಿಸುವ ಕತೆ ಅದಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲದಲ್ಲಿ, ಯಳಂದೂರಿನ ರಸ್ತೆಗೆ ಮುಖ ಮಾಡಿದ ಒಂದು ಗ್ಯಾರೇಜಿನ ಹಿಂದೆ. ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ಶೆಡ್ಡಿಗೇ ತೆರೆಯುತ್ತಿತ್ತು. ಅವ್ವ ಸಾರಿಗೆ ಒಗ್ಗರಣೆ ಹಾಕಿದರೆ ಲಾರಿ ಕೆಳಗೆ ಮಲಗಿದ ಅಪ್ಪ ಸೀನುತ್ತಿದ್ದ. ಅಪ್ಪ ಇಂಜಿನ್ನಿನ ಕಿವಿ ಹಿಂಡಿದರೆ ಅವ್ವನ ಹಿಟ್ಟಿನ ಮೇಲೆ ಹೊಗೆ ಕೂರುತ್ತಿತ್ತು. ಇಬ್ಬರೂ ಒಬ್ಬರ ಕೆಲಸವನ್ನು ಒಬ್ಬರು ಬೈದುಕೊಂಡೇ ದಿನ ಕಳೆದರು. ನಮ್ಮ ಮುದ್ದೆಗೆ ಗ್ರೀಸಿನ ವಾಸನೆ ಇತ್ತು ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಬೇರೆ ಮನೆಯ ಮುದ್ದೆ ತಿಂದಾಗ. ಅಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತ್ತು.

ಅಪ್ಪನಿಗೆ ಒಂದು ರೋಗ ಇತ್ತು. ಯಾವ ನಟ್ಟು ಬಿಗಿದರೂ ಮೂರು ಸಲ ಮುಟ್ಟಿ ನೋಡಬೇಕು, ಮುಟ್ಟುವಾಗ ಬಾಯಿಬಿಟ್ಟು ಎಣಿಸಬೇಕು. ಗಾಡಿಯವರು ಅವಸರ ಮಾಡಿದರೆ ಮತ್ತೆ ಒಂದರಿಂದ ಶುರು. ಟ್ರ್ಯಾಕ್ಟರಿನವರು ತಲೆ ಚಚ್ಚಿಕೊಳ್ಳುತ್ತಿದ್ದರು, ಆದರೆ ಬೇರೆ ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಮನೆಯೊಳಗೂ ಅದೇ ಕತೆ. ಸೀಮೆಎಣ್ಣೆ ಸ್ಟೌ ಆರಿಸಿದೆಯಾ, ಅಗುಳಿ ಹಾಕಿದೆಯಾ, ಸಾರಿಗೆ ಉಪ್ಪು ಬಿದ್ದಿದೆಯಾ, ಒಂದೊಂದೂ ಮೂರು ಸಲ. ಮೂರನೇ ಸಲಕ್ಕೆ ಅವ್ವ ಉಪ್ಪಿನ ಮರಿಗೆಯನ್ನೇ ಅವನ ಮುಂದೆ ತಂದು ಕುಕ್ಕುತ್ತಿದ್ದಳು. ಆ ರೋಗ ನನಗೂ ಅಂಟಿತು. ಮುಂದೆ ನಾನು ನರ್ಸಾಗಿ ಆಪರೇಷನ್ ಕೋಣೆಯಲ್ಲಿ ರಕ್ತ ಒರೆಸಿದ ಬಟ್ಟೆಯ ತುಂಡುಗಳನ್ನು ಎಣಿಸುವಾಗ ಡಾಕ್ಟರುಗಳು ರೇಗುತ್ತಿದ್ದರು, ನಾನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ.

ರೋಗದ ಮೂಲ ನಮಗೆ ಗೊತ್ತಾದದ್ದು ತಡವಾಗಿ. ಓದುವವರನ್ನು ಕಾಯಿಸುವುದು ನನ್ನಿಂದಾಗದು, ಈಗಲೇ ಹೇಳಿಬಿಡುತ್ತೇನೆ. ಅಪ್ಪ ಮದುವೆಗೆ ಮೊದಲು ಕೊಯಮತ್ತೂರಿಗೆ ಹೋಗಿ ಕೆಲಸ ಕಲಿತವನು. ಅಲ್ಲಿ ದೊರೈ ಎಂಬ ಹುಡುಗ, ಅಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಹಳೇ ಕಾರೊಂದನ್ನು ಕುಯ್ದು ಬೆಸೆದು ರೇಸಿನ ಕಾರು ಮಾಡಿಕೊಂಡಿದ್ದ. ಕಾರು ಬಿಡುವವನು ಅವನು, ನೋಡಿಕೊಳ್ಳುವವನು ಅಪ್ಪ. ಮದರಾಸಿನ ಹತ್ತಿರ ವಿಮಾನ ಇಳಿಯುವುದು ನಿಂತುಹೋಗಿದ್ದ ಒಂದು ಬಯಲಲ್ಲಿ ರೇಸು ನಡೆಯುತ್ತಿತ್ತು. ಅಲ್ಲಿ ಒಂದು ಮಧ್ಯಾಹ್ನ ಓಡುವ ಕಾರಿನ ಹಿಂದಿನ ಚಕ್ರ ಕಳಚಿಕೊಂಡು ದೊರೈ ಸತ್ತ. ಚಕ್ರದ ನಟ್ಟು ಬಿಚ್ಚಿಕೊಳ್ಳದಂತೆ ಅದರ ತೂತಿಗೆ ಒಂದು ಸಣ್ಣ ತಂತಿಯ ಪಿನ್ನು ತೂರಿಸಿ ಕಿವಿ ಮಡಿಸುತ್ತಾರೆ. ಮೂರು ಚಕ್ರಕ್ಕೆ ಮಡಿಸಿದ್ದು ಅಪ್ಪನಿಗೆ ನೆನಪಿತ್ತು. ನಾಲ್ಕನೆಯದಕ್ಕೆ ಪಿನ್ನು ಕೈಗೆ ತೆಗೆದುಕೊಂಡದ್ದು ನೆನಪಿತ್ತು. ಅಷ್ಟರಲ್ಲಿ ಯಾರೋ ಕೂಗಿದರು. ಆಮೇಲಿನದು ನೆನಪಿಲ್ಲ. ತೂರಿಸಿದೆನೋ, ಜೇಬಿಗೆ ಹಾಕಿಕೊಂಡೆನೋ, ಬದುಕಿರುವವರೆಗೂ ಅವನಿಗೆ ನೆನಪಾಗಲಿಲ್ಲ. ಸಾವು ನೋಡಿದವನೇ ಅಪ್ಪ ಅಲ್ಲಿಂದ ಓಡಿದ. ಚೀಲ, ಅಂಗಿ, ಚಪ್ಪಲಿ ಎಲ್ಲ ಅಲ್ಲೇ. ಹುಟ್ಟೂರು ಅಗರಕ್ಕೂ ಬರದೆ, ಕಾಡಂಚಿನ ಲೊಕ್ಕನಹಳ್ಳಿಯಲ್ಲಿದ್ದ ಅಕ್ಕನ ಮನೆ ಸೇರಿ ಒಂದು ವರ್ಷ ದನ ಮೇಯಿಸಿದ. ಅಜ್ಜಿಯೇ ಹುಡುಕಿಕೊಂಡು ಹೋಗಿ ಎಳೆದು ತಂದು, ಮದುವೆ ಮಾಡಿ, ಕೊಳ್ಳೇಗಾಲದಲ್ಲಿ ಶೆಡ್ಡು ಹಾಕಿಸಿ ಕೂರಿಸಿದಳು. ರೇಸಿನಲ್ಲಿ ಧಣಿ ತೀರಿಕೊಂಡ, ಅದಕ್ಕೆ ಬೇಜಾರು ಎಂದಷ್ಟೇ ಅವಳಿಗೂ ಗೊತ್ತಿತ್ತು. ಪಿನ್ನಿನ ವಿಷಯ ಅಪ್ಪ ಯಾರಿಗೂ ಹೇಳಿರಲಿಲ್ಲ.

ನಮ್ಮ ಕಡೆ ಮಾಳಯ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರನ್ನು ಕರೆದು ಎಡೆ ಇಡುತ್ತೇವೆ. ಫೋಟೊಗಳನ್ನು ತೊಳೆದು ಗೋಡೆಗೆ ಒರಗಿಸಿ, ಹೊಸ ಪಂಚೆ ಸೀರೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ತಾತನಿಗೆ ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು. ಮದುವೆಯಾದ ಮೊದಲ ವರ್ಷವೇ ಅಪ್ಪ, ಓಡಿ ಬಂದಾಗ ಪ್ಯಾಂಟಿನ ಜೇಬಿನಲ್ಲಿ ಉಳಿದಿದ್ದ ದೊರೈಯ ಫೋಟೊವನ್ನು ತಾತನ ಪಕ್ಕ ಇಟ್ಟು ಎಲೆ ಹಾಕಿದನಂತೆ. ಎರಡನೇ ವರ್ಷಕ್ಕೆ ಅಪ್ಪನಿಗೆ ಹೊಸ ಯೋಚನೆ ಬಂತು. ದೊರೈಗೆ ಇಲ್ಲಿ ಯಾರ ಗುರುತೂ ಇಲ್ಲ, ತಾತನ ಜೊತೆ ಅವನೇನು ಮಾತಾಡುತ್ತಾನೆ, ಒಬ್ಬನೇ ಕೂತರೆ ಬೇಜಾರಾಗುತ್ತದೆ. ಅವನ ಕಸುಬಿನವರು ಜೊತೆಗಿರಲಿ ಎಂದು, ರದ್ದಿ ಅಂಗಡಿಯಲ್ಲಿ ಸಿಕ್ಕಿದ ಇಂಗ್ಲಿಷ್ ಪತ್ರಿಕೆಗಳಿಂದ ರೇಸಿನಲ್ಲಿ ಸತ್ತ ಇಬ್ಬರು ವಿದೇಶದವರ ಚಿತ್ರ ಕತ್ತರಿಸಿ, ಗಾಜು ಹಾಕಿಸಿ ತಂದ. ಅವರು ಯಾರು, ಹೇಗೆ ಸತ್ತರು ಎಂದು ಹೈಸ್ಕೂಲಿನ ಮೇಷ್ಟ್ರೊಬ್ಬರು ಓದಿ ಹೇಳಿದ್ದರು.

ಅವ್ವ ಬಿಡುತ್ತಾಳೆಯೇ. ದುರ್ಮರಣಕ್ಕೆ ಸಿಕ್ಕವರನ್ನು, ಅದೂ ಕಂಡು ಕೇಳದವರನ್ನು, ಬಸುರಿ ಹೆಂಗಸು ಇರುವ ಮನೆಗೆ ಕರೆದು ಉಣ್ಣಿಸುತ್ತಾರಾ ಎಂದು ಎಲೆಗಳನ್ನು ಬಾಚಿ ಶೆಡ್ಡಿಗೆ ಎಸೆದಳಂತೆ. ಬಸುರಲ್ಲಿ ಇದ್ದವಳು ನಾನೇ. ನ್ಯಾಯ ಅಜ್ಜಿಯ ಮುಂದೆ ಬಂತು. ಅಜ್ಜಿ ಫೋಟೊಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇವರಿಗೆ ಹೆತ್ತವರು ಎಲೆ ಹಾಕುತ್ತಾರಾ ಎಂದು ಕೇಳಿದಳು. ಅವರ ದೇಶದಲ್ಲಿ ಆ ಪದ್ಧತಿ ಇಲ್ಲವಂತೆ ಎಂದ ಅಪ್ಪ. ಹಾಗಾದರೆ ಇಷ್ಟು ದಿನ ಹಸಿದಿದ್ದಾರೆ, ಇರಲಿ ಬಿಡು ಎಂದಳು. ಅವರ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. ಕೆಂಪಂಗಿಯವನಿಗೆ ಕೆಂಪಣ್ಣ, ನಗುವವನಿಗೆ ನಗೆಪ್ಪ ಎಂದು ತಾನೇ ಹೆಸರಿಟ್ಟಳು. ಮನೆಗೆ ಸೊಸೆ ಬಂದಾಗ ಹೆಸರು ಬದಲಾಯಿಸುವಷ್ಟೇ ಸಲೀಸಾಗಿ ಅದು ನಡೆದುಹೋಯಿತು.

ಕೆಂಪಣ್ಣ ನಗೆಪ್ಪರಿಗೆ ಏನು ಇಷ್ಟ ಎಂಬುದೇ ಪ್ರತಿ ವರ್ಷದ ಜಗಳ. ಒಂದು ವರ್ಷ ಬನ್ನು, ಒಂದು ವರ್ಷ ಬಿಸ್ಕತ್ತು. ಒಮ್ಮೆ ಅಪ್ಪ ಬಾಟಲಿಯ ಮುಚ್ಚಳದಲ್ಲಿ ಪೆಟ್ರೋಲು ತಂದು ದೀಪದ ಪಕ್ಕದಲ್ಲೇ ಇಟ್ಟ. ಅವ್ವ ನೋಡಿದ್ದರಿಂದ ನಾವೆಲ್ಲ ಉಳಿದೆವು. ಕೆಂಪಣ್ಣ ಬೆಂಕಿಯಲ್ಲಿ ಹೋದದ್ದು ಸಾಲದೆ ನಮ್ಮನ್ನೂ ಕರೆದುಕೊಂಡು ಹೋಗಬೇಕಾ ಎಂದು ಅವಳು ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಕೊನೆಗೆ ಅಪ್ಪನೇ ದಾರಿ ಹುಡುಕಿದ. ಆಗ ರೇಸಿನ ಇಂಜಿನ್ನುಗಳಿಗೆ ಹರಳೆಣ್ಣೆ ಹಾಕುತ್ತಿದ್ದರಂತೆ, ಕಾರು ಹೋದ ಮೇಲೂ ಬಯಲಿನ ತುಂಬ ಸುಟ್ಟ ಹರಳೆಣ್ಣೆಯ ವಾಸನೆ ನಿಲ್ಲುತ್ತಿತ್ತಂತೆ. ಅಜ್ಜಿಗೆ ಇದು ಬಹಳ ಹಿಡಿಸಿತು. ನಮ್ಮ ಹೊಲದ ಎಣ್ಣೆ ಕುಡಿದುಕೊಂಡೇ ಓಡುತ್ತಿದ್ದವಾ ಆ ಗಾಡಿಗಳು ಎಂದು, ಅವಳೇ ಹರಳು ಕುಟ್ಟಿ ಕಾಯಿಸಿ ತೆಗೆದ ಎಣ್ಣೆಯಿಂದ ಅವರ ಮೂರು ಎಲೆಗೂ ಒಂದೊಂದು ದೀಪ ಹಚ್ಚಿದಳು. ಬಾಗಿಲು ಮುಚ್ಚಿ ಹೊರಗೆ ಕೂತಾಗ ನಾನು ಕಿವಿಗೊಟ್ಟು ಕೇಳುತ್ತಿದ್ದೆ, ಒಳಗೆ ಇಂಜಿನ್ನಿನ ಸದ್ದು ಬರಬಹುದೆಂದು. ಅಪ್ಪನೂ ಬಾಗಿಲ ಕಡೆಗೇ ಕಿವಿ ಮಾಡಿ ಕೂತಿರುತ್ತಿದ್ದ. ಹಾಗೆ ಕೂತ ಅಪ್ಪನನ್ನು ನೆನೆದರೆ ಈಗಲೂ ನನಗೆ ಅವನ ಮೇಲೆ ಅಕ್ಕರೆ ಉಕ್ಕುತ್ತದೆ.

ನನಗೆ ಹತ್ತು ವರ್ಷವಾದಾಗ ಎಲೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಸಂಜೆ ದೊರೈಯ ಎಲೆಯ ಮುಂದೆ ನಿಂತು, ಇವರಿಗೇನು ಇಷ್ಟ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಯೋಚಿಸದೆ ಹೇಳಿದ, ಅವರವ್ವ ಮಾಡುವ ಹುರುಳಿ ಸಾರು, ಸತ್ಯಮಂಗಲದ ಮನೆಗೆ ಹೋದಾಗಲೆಲ್ಲ ಇಬ್ಬರೂ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಿದ್ದೆವು ಎಂದು. ಸಾಂಬ್ರಾಣಿ ಹಾಕುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ಅವ್ರವ್ವ ಬದುಕವ್ಳಾ?"

"ಇದ್ದಾರು."

"ಇದ್ದಾರು ಅಂದ್ರೇನ್ಲಾ? ಮಣ್ಣಿಗೆ ಓದಾಗ ನೋಡ್ನಿಲ್ವಾ?"

ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಮಣ್ಣಿಗೆ ಹೋಗಿರಲಿಲ್ಲ, ಆಮೇಲೂ ಹೋಗಿರಲಿಲ್ಲ. ಪಿನ್ನಿನ ವಿಷಯ ಹೊರಗೆ ಬಂದದ್ದು ಆಗ, ನಾಲ್ಕು ಎಲೆಗಳ ಮುಂದೆ. ಅವನು ಅಳಲಿಲ್ಲ. ಕೈಯನ್ನು ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಏನೋ ಹಿಡಿದವನಂತೆ ಮಾಡಿ, ಇಲ್ಲಿತನಕ ನೆನಪಿದೆ ಅವ್ವಾ, ಇಲ್ಲಿಂದಾಚೆಗೆ ಇಲ್ಲ ಎಂದ. ಅವನ ಎಲ್ಲ ಮೂರು ಮೂರು ಸಲದ ಅರ್ಥ ನನಗೆ ಅವತ್ತು ಆಯಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹನ್ನೆರಡು ವರ್ಷ ಜಗಳಾಡಿದವಳು ಅಂದು ಬಂದು ದೊರೈಯ ದೀಪಕ್ಕೆ ಎಣ್ಣೆ ಹಾಕಿದಳು. ಅಜ್ಜಿ ಮಾತ್ರ ಕರಗದೆ ಅಪ್ಪನನ್ನು ಹೆಸರು ಹಿಡಿದೇ ಕೇಳಿದಳು.

"ಎತ್ತವ್ಳು ಇದ್ದಂಗೇ ಅವ್ಳ ಮಗನ್ನ ಕದ್ದು ಉಣ್ಣುಸ್ತಿದ್ದೀಯಲ್ಲಾ ಮಾದೇವ. ಓಗಿ ಕೇಳವ. ಬ್ಯಾಡ ಅಂದ್ರೆ ಬುಟ್ಬುಡವ."

ಮೂರನೇ ದಿನ ಬೆಳಿಗ್ಗೆ ಅಜ್ಜಿ, ಅಪ್ಪ, ನಾನು ಸತ್ಯಮಂಗಲದ ಬಸ್ಸು ಹತ್ತಿದೆವು. ಅವ್ವ ಡಬ್ಬಿಯ ತುಂಬ ಕಜ್ಜಾಯ ಕಟ್ಟಿಕೊಟ್ಟಳು. ನನ್ನನ್ನು ಕರೆದುಕೊಂಡು ಹೋದದ್ದು ಅಜ್ಜಿಯ ಉಪಾಯ. ಕೂಸು ಜೊತೆಗಿದ್ದರೆ ಯಾರೂ ಹೊಡೆಯುವುದಿಲ್ಲವಂತೆ. ಹಾಸನೂರಿನಲ್ಲಿ ಬಸ್ಸು ಟೀಗೆ ನಿಂತಾಗ ಅಪ್ಪ ಇಳಿದವನು ಒಂದು ಕಲ್ಲಿನ ಮೇಲೆ ಕೂತು, ನೀವು ಹೋಗಿ ಬನ್ನಿ ಎಂದ. ಕಂಡಕ್ಟರು ಸೀಟಿ ಊದಿದರೂ ಏಳಲಿಲ್ಲ. ಅಜ್ಜಿ ಇಳಿದು ಹೋಗಿ, ಲೊಕ್ಕನಹಳ್ಳಿಯಿಂದ ಎಳೆದುಕೊಂಡು ಬಂದ ಹಾಗೆ ಇಲ್ಲಿಂದಲೂ ರಟ್ಟೆ ಹಿಡಿದು ಹತ್ತಿಸಿದಳು. ದಿಂಬಂ ಘಾಟಿಯ ಇಳಿಜಾರಿನ ಉದ್ದಕ್ಕೂ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ತಿರುವು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿತ್ತು.

ಹೊಳೆಗೆ ಹತ್ತಿರದ ಒಂದು ಬೀದಿಯಲ್ಲಿ ಹೆಂಚಿನ ಮನೆ. ಜಗುಲಿಯ ಮೇಲೆ ಒಬ್ಬ ಮುದುಕಮ್ಮ ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಅಪ್ಪ ಬೀದಿಯಲ್ಲೇ ನಿಂತ. ಅವರು ತಲೆ ಎತ್ತಿ ಅಪ್ಪನ ಮುಖ ನೋಡಿದರು. ಆಮೇಲೆ ಅವನ ಪಾದ ನೋಡಿದರು. ಸತ್ತು ಬಂದವರ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮ ಕಡೆಯೂ ಹೇಳುತ್ತಾರೆ. ಪಾದ ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡು, ಮೊರ ಪಕ್ಕಕ್ಕಿಟ್ಟು ಮೆಟ್ಟಿಲಿಳಿದು ಬಂದು, ಅವನ ಕೆನ್ನೆ ಸವರಿದರು. ಸವರಿದ ಕೆನ್ನೆಗೇ ಒಂದು ಏಟು ಬಿಗಿದರು. ಅಜ್ಜಿಯ ಉಪಾಯ ಕೆಲಸ ಮಾಡಲಿಲ್ಲ.

ಒಳಗೆ ಹೋದಾಗ ಎಲ್ಲ ತಿಳಿಯಿತು. ಪಡಸಾಲೆಯ ಗೋಡೆಯ ಮೇಲೆ ಒಂದೇ ಚೌಕಟ್ಟಿನಲ್ಲಿ ಇಬ್ಬರು ಹುಡುಗರು, ರೇಸಿನ ಕಾರಿಗೆ ಒರಗಿ ನಿಂತವರು. ಒಬ್ಬ ದೊರೈ, ಇನ್ನೊಬ್ಬ ನಮ್ಮಪ್ಪ. ಇಬ್ಬರಿಗೂ ಸೇರಿಸಿ ಒಂದು ಹಾರ, ಇಬ್ಬರ ಹಣೆಗೂ ಕುಂಕುಮ. ದೊರೈಯ ಹೆಣದ ಜೊತೆ ಅಪ್ಪನ ಚೀಲ, ಅಂಗಿ, ಚಪ್ಪಲಿಯೂ ಆ ಮನೆಗೆ ಬಂದಿದ್ದವು. ಚಪ್ಪಲಿ ಬಿಟ್ಟು ಯಾರು ಎಲ್ಲಿಗೆ ಹೋಗುತ್ತಾರೆ? ಆ ಮೆಕ್ಯಾನಿಕ್ ಹುಡುಗ ರೈಲಿಗೆ ತಲೆ ಕೊಟ್ಟನಂತೆ ಎಂದು ಯಾರೋ ಹೇಳಿದರು. ಕೊಳ್ಳೇಗಾಲದ ಕಡೆಯವನು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಎರಡು ಸಲ ವಿಚಾರಿಸಿದ್ದರು. ಆಗ ಅಪ್ಪ ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ದನ ಕಾಯುತ್ತಿದ್ದ, ಕೊಳ್ಳೇಗಾಲದಲ್ಲಿ ಅವನನ್ನು ಬಲ್ಲವರೇ ಇರಲಿಲ್ಲ. ಆಮೇಲೆ ಅವರು ಹುಡುಕುವುದು ಬಿಟ್ಟು, ಅಮಾವಾಸ್ಯೆಗೆ ಮಗನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕತೊಡಗಿದರು. ಹನ್ನೆರಡು ವರ್ಷ ಅವರ ಮಗನನ್ನು ನಾವು ಕರೆದು ಉಣ್ಣಿಸಿದ್ದೆವು, ನಮ್ಮ ಅಪ್ಪನನ್ನು ಅವರು ಕರೆದು ಉಣ್ಣಿಸಿದ್ದರು. ಮೂರು ದಿನದ ಹಿಂದೆ ನಾನು ದೊರೈಗೆ ಬಡಿಸುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಅಪ್ಪನ ಎಲೆಗೂ ಅನ್ನ ಬಿದ್ದಿತ್ತು.

ಅಜ್ಜಿಗೆ ಸಿಟ್ಟು ಬಂತೋ ಭಯವಾಯಿತೋ, ಯಾರನ್ನೂ ಕೇಳದೆ ಮಣೆಯೊಂದನ್ನು ಎಳೆದು ಹತ್ತಿ, ಸೆರಗಿನಿಂದ ಅಪ್ಪನ ಹಣೆಯ ಕುಂಕುಮ ಉಜ್ಜಿದಳು. ಗಾಜಿನ ಮೇಲೆ ಅದು ಇಬ್ಬರ ಮುಖಕ್ಕೂ ಬಳಿದುಕೊಂಡಿತು. ದೊರೈಯ ಅಮ್ಮ ಒದ್ದೆ ಬಟ್ಟೆ ತಂದುಕೊಟ್ಟರು. ಇಬ್ಬರು ಮುದುಕಿಯರೂ ಸೇರಿ ಗಾಜು ಒರೆಸಿ, ಹಾರವನ್ನು ಒಂದು ಪಕ್ಕಕ್ಕೆ ಸರಿಸಿ, ಒಬ್ಬನಿಗೆ ಮಾತ್ರ ಕುಂಕುಮ ಇಟ್ಟರು.

ಅಪ್ಪ ಬಾಗಿಲ ಬಳಿಯೇ ನಿಂತು ತನ್ನ ಮಾತು ಶುರು ಮಾಡಿದ. ಮೂರು ಚಕ್ರ, ನಾಲ್ಕನೇ ಚಕ್ರ, ಕೈಯಲ್ಲಿದ್ದ ಪಿನ್ನು. ಕಾರಿನ ಚೂರುಗಳನ್ನು ಯಾರೋ ಗುಜರಿಗೆ ಹಾಕಿದ್ದರು, ನೋಡಿ ಹೇಳುವವರು ಯಾರೂ ಇರಲಿಲ್ಲ. ದೊರೈಯ ಅಮ್ಮ ಅವನನ್ನು ಅಲ್ಲಿಗೇ ತಡೆದರು. ಅವರ ಕನ್ನಡದಲ್ಲಿ ತಮಿಳಿನ ಎಳೆತವಿತ್ತು, ಆದರೆ ಒಂದೊಂದು ಮಾತೂ ನನಗೆ ಅರ್ಥವಾಯಿತು.

"ಪಿನ್ನು ಆಕಿದ್ಯೋ ಬುಟ್ಟಿದ್ಯೋ, ನಂಗೊತ್ತಿಲ್ಲಪ್ಪಾ. ಅದ ನಾನು ಕೇಳೂದೂ ಇಲ್ಲ. ನನ್ ಮಗ ಸತ್ತ ಮನೇಗೆ ನೀ ಬರ್ನಿಲ್ಲ. ಇಬ್ರಿಗೂ ನಾನೊಬ್ಳೇ ಅಳ್ತಾ ಕೂತಿದ್ದೆ. ಅದ ಕೇಳ್ತೀನಿ, ಯಾಕ ಬರ್ನಿಲ್ಲ ಯೋಳು."

ಹನ್ನೆರಡು ವರ್ಷ ಅವನು ಒಂದು ತಪ್ಪಿಗೆ ಹೆದರಿ, ಮಾಡಿದೆನೋ ಇಲ್ಲವೋ ಗೊತ್ತಿಲ್ಲದ ತಪ್ಪಿಗೆ ಹೆದರಿ, ಖಂಡಿತವಾಗಿ ಮಾಡಿದ ಇನ್ನೊಂದನ್ನು ಕಂಡೇ ಇರಲಿಲ್ಲ. ತಪ್ಪಾಯ್ತಮ್ಮಾ ಎಂದು ಅವರ ಕಾಲ ಬಳಿ ಕೂತ. ನಮ್ಮಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದೆ ಕೆಲಸದಲ್ಲಿದ್ದಾಗ, ಒಳಗೆ ಯಾರಾದರೂ ತೀರಿಕೊಂಡರೆ ಹೊರಗೆ ಕಾಯುವವರ ಮುಂದೆ ಹೋಗಿ ನಿಲ್ಲಲು ಎಲ್ಲರೂ ಹಿಂಜರಿಯುತ್ತಿದ್ದರು. ನಾನು ಹೋಗುತ್ತಿದ್ದೆ. ಧೈರ್ಯ ಜಾಸ್ತಿ ಎಂದಲ್ಲ, ಹೋಗದಿದ್ದರೆ ಏನಾಗುತ್ತದೆಂದು ಆ ಪಡಸಾಲೆಯಲ್ಲಿ ನೋಡಿದ್ದೆ.

ಅಜ್ಜಿ ತಾನು ಬಂದ ಕೆಲಸ ಮರೆಯಲಿಲ್ಲ. ನಿಮ್ಮ ಮಗನಿಗೆ ನಮ್ಮ ಮನೆಯಲ್ಲೂ ಎಲೆ ಹಾಕಬಹುದಾ ಎಂದು ಕೇಳಿದಳು. ಜೊತೆಗೆ ಕೆಂಪಣ್ಣ ನಗೆಪ್ಪ ಎಂಬ ಇಬ್ಬರು ಇದ್ದಾರೆ, ಒಳ್ಳೆಯ ಮನೆತನದವರ ಹಾಗೆ ಕಾಣುತ್ತಾರೆ, ಅವನಿಗೆ ಬೇಜಾರಾಗುವುದಿಲ್ಲ ಎಂದೂ ಸೇರಿಸಿದಳು. ದೊರೈಯ ಅಮ್ಮ ಮೊದಲ ಸಲ ನಕ್ಕರು. ಹಾಕಿ ಎಂದರು. ಅವನು ಒಂದೇ ಮನೆಯಲ್ಲಿ ಉಂಡು ಸುಮ್ಮನಾಗುವವನೇ ಅಲ್ಲ ಎಂದರು.

ಮಧ್ಯಾಹ್ನಕ್ಕೆ ಪಡಸಾಲೆಯಲ್ಲಿ ಎಲೆ ಹಾಕಿ ನಮ್ಮನ್ನು ಕೂರಿಸಿದರು. ಅಪ್ಪ ತಲೆ ತಗ್ಗಿಸಿ, ಬಡಿಸಿದ್ದನ್ನು ಬೇಗ ಬೇಗ ತಿಂದು, ಎಲೆ ಮಡಿಸಲು ಕೈ ಹಾಕಿದ. ದೊರೈಯ ಅಮ್ಮ ಅನ್ನದ ಪಾತ್ರೆ ಹಿಡಿದು ಅವನ ಮುಂದೆಯೇ ನಿಂತಿದ್ದರು. ಬೇಕಾ ಎಂದು ಕೇಳಲಿಲ್ಲ, ಆಚೆಗೂ ಹೋಗಲಿಲ್ಲ. ಅಪ್ಪನಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು. ಮೊಣಕೈಯಿಂದ ಅವನನ್ನು ತಿವಿದಳು.

"ಕೇಳ್ಲಾ. ಅನ್ನೆರ್ಡ್ ವರ್ಸದಿಂದ ನಿಂಗೆ ಆಕ್ತಿದ್ದ ಎಲೆ ಒಂದ್ಸಲಾನೂ ಇನ್ನೊಂಚೂರು ಬೇಕು ಅಂದಿಲ್ಲ."

ಅಪ್ಪ ತಲೆ ಎತ್ತಿದ. ಅಮ್ಮಾ, ಇನ್ನೊಂಚೂರು ಅನ್ನ ಎಂದ. ಅವರು ಬಡಿಸಿದರು, ಬಡಿಸಿ ಮತ್ತೆ ಅಲ್ಲೇ ನಿಂತರು. ಅವರ ಕಣ್ಣಿನ ನೀರು ಅನ್ನದ ಪಾತ್ರೆಯ ಅಂಚಿನ ಮೇಲೆ ಬೀಳುತ್ತಿತ್ತು. ಅಪ್ಪ ತಿಂದು ಮತ್ತೆ ಕೇಳಿದ. ಅವರು ಮತ್ತೆ ಬಡಿಸಿದರು. ಹೊಟ್ಟೆ ತುಂಬಿ ಉಸಿರು ಕಟ್ಟುವಂತಾದರೂ, ಪಾತ್ರೆಯ ತಳ ಕಾಣುವವರೆಗೆ ಅಪ್ಪ ಇನ್ನೊಂಚೂರು, ಇನ್ನೊಂಚೂರು ಎಂದು ಕೇಳುತ್ತಲೇ ಇದ್ದ.